ಪಿತ್ತಚೀಲ ಒಡೆಯದ ಹಾಗೆ

ಹದಿನಾರಕ್ಕೆ ನನ್ನ ಕೈಗೆ ಚೂರಿ ಕೊಟ್ಟವಳು ರಾಗ್ನಾ.
ವಾರ್ಡೊ ಬಂದರಿನಲ್ಲಿ, ಮೀನು ಸೀಳುವ ಮೇಜಿನ ಮುಂದೆ ನಿಲ್ಲಿಸಿ
ಹೇಳಿದ್ದು ಒಂದೇ ಮಾತು:
ಆ ಹಸಿರು ಚೀಲ ಮಾತ್ರ ಒಡೀಬೇಡ ಹುಡುಗಿ,
ಒಡೆದರೆ ಇಡೀ ಮೀನು ಕಹಿ,
ಎಷ್ಟು ತೊಳೆದರೂ ಕಹಿ.

ಮೂವತ್ತೊಂದು ಚಳಿಗಾಲ. ಎಷ್ಟು ಲಕ್ಷ ಕಾಡ್ ಮೀನೋ
ಲೆಕ್ಕ ಇಟ್ಟವರಿಲ್ಲ. ಒಡೆದದ್ದು ಹದಿಮೂರು.
ಅದರ ಲೆಕ್ಕ ನನ್ನ ಹತ್ತಿರ ಇದೆ.

ನನ್ನನ್ನು ಸೀಳಿದವನು ಕಿರ್ಕೆನೆಸ್ ಆಸ್ಪತ್ರೆಯ ಎಳೆಯ ಡಾಕ್ಟರು.
ಹುಣ್ಣು ಒಡೆದು ನೆತ್ತರು ಕಾರಿದ ರಾತ್ರಿ
ಗಾಳಿಗೆ ವಿಮಾನ ಏಳಲಿಲ್ಲ, ಹಡಗಿನಲ್ಲಿ ಒಯ್ದರು,
ಅಂಚೆಮೂಟೆಗಳ ಪಕ್ಕ.
ಹೊಟ್ಟೆಯ ಮೂರರಲ್ಲಿ ಎರಡು ಪಾಲು ತೆಗೆದು
ಉಳಿದ ತುಂಡನ್ನು ಸಣ್ಣಕರುಳಿಗೆ ಹೊಲಿದ.
ಒಳ್ಳೆಯ ಹೊಲಿಗೆ. ಬಲೆ ಹೆಣೆಯುವವರ ಮಗಳು ನಾನು,
ಹೊಲಿಗೆ ಗೊತ್ತು ನನಗೆ.
ಪೆನ್ಸಿಲಿನಲ್ಲಿ ಚಿತ್ರ ಬರೆದು ತೋರಿಸಿದ:
ಇಗೋ, ಇಲ್ಲಿ ಒಂದು ಬಾಗಿಲಿತ್ತು, ಈಗಿಲ್ಲ.
ಬಾಗಿಲಿಲ್ಲದ ಮನೆಗೆ ಹಿತ್ತಲಿಂದ ಯಾರು ಬರುತ್ತಾರೆ
ಅನ್ನುವುದನ್ನು ಅವನು ಹೇಳಲಿಲ್ಲ,
ರಾತ್ರಿ ಎರಡು ಗಂಟೆ ಹೇಳಿತು.

ಮಲಗಿದರೆ ಉಬ್ಬರ.
ಎದೆಮೂಳೆಯ ಹಿಂದೆ ಮೊದಲು ಬಿಸಿ,
ಆಮೇಲೆ ಬಾಯ್ತುಂಬ,
ಬಿಳಿ ಬೋಗುಣಿಯಲ್ಲಿ ಅದೇ ಬಣ್ಣ,
ಅದೇ ಹದಿಮೂರು ಮೀನಿನ ಬಣ್ಣ.

ಮಾತ್ರೆ ಕೊಟ್ಟರು. ಮತ್ತೊಂದು ಕೊಟ್ಟರು.
ಹುಳಿ ತಗ್ಗುತ್ತದೆ ಅಂದರು.
ಡಾಕ್ಟರೇ, ಇದು ಹುಳಿಯಲ್ಲ, ಕಹಿ.
ಹುಳಿಗೆ ಕೊಟ್ಟ ಮದ್ದು ಕಹಿಗೆ ನಾಟೀತೆ?
ಪಿತ್ತ ನೆತ್ತಿಗೇರಿದವರನ್ನು ಕಂಡಿದ್ದೇನೆ,
ನನ್ನ ಮಾವ ಒಮ್ಮೆ ಸ್ವಂತ ದೋಣಿಗೇ ಕೊಡಲಿ ಹಾಕಿದ.
ನನ್ನದು ಅಷ್ಟು ಎತ್ತರ ಹತ್ತುವುದಿಲ್ಲ,
ನಾಲಿಗೆಯ ಬುಡಕ್ಕೆ ಬಂದು ಕೂತು ಬೆಳಗು ಮಾಡುತ್ತದೆ.

ಐಲರ್ಟ್ ಮೀನುಪೆಟ್ಟಿಗೆಯ ಹಲಗೆ ಕೊಯ್ದು
ಮಂಚದ ತಲೆಕಡೆ ಎತ್ತರಿಸಿದ.
ಅವನಿಗೇನೂ ಕಾಯಿಲೆಯಿಲ್ಲ, ಆದರೂ
ರಾತ್ರಿಯಿಡೀ ನನ್ನ ಪಕ್ಕದಿಂದ ಕೆಳಕ್ಕೆ ಜಾರುತ್ತಾನೆ,
ಬೆಳಿಗ್ಗೆ ಅವನ ಪಾದಗಳು ಮಂಚದಾಚೆ, ತಣ್ಣಗೆ.
ಒಂದು ದಿನವೂ ದೂರಿಲ್ಲ. ಕಾಲುಚೀಲ ಮಾತ್ರ ಎರಡು ಜೊತೆ.

ಮೊಮ್ಮಗಳ ನಾಮಕರಣಕ್ಕೆ ಕೆನೆಯ ಗಂಜಿ,
ಮೇಲೆ ಸಕ್ಕರೆ, ದಾಲ್ಚಿನ್ನಿ, ಕರಗಿದ ಬೆಣ್ಣೆ.
ನಾಲ್ಕು ಚಮಚ ತಿಂದೆ. ಹತ್ತು ನಿಮಿಷ.
ಎದೆ ಡವಡವ, ಬೆನ್ನಲ್ಲಿ ಬೆವರು, ನೆಲ ಓರೆ.
ಪಕ್ಕದ ಕೋಣೆಯಲ್ಲಿ ನೆಂಟರ ಕೋಟುಗಳ ರಾಶಿ,
ಅದರ ಮೇಲೇ ಬಿದ್ದುಕೊಂಡೆ,
ನಲವತ್ತು ಜನರ ಉಣ್ಣೆ, ತಂಬಾಕು, ನಾಯಿಕೂದಲು.
ಪಾಪ, ಕುಡಿದಿದ್ದಾಳೆ ಅಂದರಂತೆ.
ಅನ್ನಲಿ.

ಈಗ ದಿನಕ್ಕೆ ಆರು ಊಟ, ಮಗುವಿನ ತಟ್ಟೆಯಲ್ಲಿ.
ಊಟದ ನಡುವೆ ನೀರಿಲ್ಲ.
ತಿಂಗಳಿಗೊಂದು ಸೂಜಿ, ಕಿತ್ತಳೆ ವಾಸನೆಯ ಮರಳಿನಂಥ ಪುಡಿ.
ಟ್ರೊಮ್ಸೊದಿಂದ ಕಾಗದ ಬಂದಿದೆ:
ಮತ್ತೊಮ್ಮೆ ಕೊಯ್ದು, ಕರುಳನ್ನು ಬೇರೆ ಕಡೆ ಜೋಡಿಸಿ
ದಾರಿ ಉದ್ದ ಮಾಡುತ್ತಾರಂತೆ,
ಪಿತ್ತ ನಡೆದೂ ನಡೆದೂ ದಣಿಯಲಿ ಅಂತ.
ಕಾಗದ ಗಡಿಯಾರದ ಕೆಳಗಿದೆ.
ಸಹಿ ಹಾಕಿಲ್ಲ. ಹರಿದೂ ಇಲ್ಲ.

ಎರಡು ತಿಂಗಳ ಕತ್ತಲು ಮುಗಿದು
ಸೂರ್ಯ ಪೂರ್ತಿ ಕಂಡ ದಿನ ಕೋಟೆಯ ಫಿರಂಗಿ ಹಾರಿತು,
ಶಾಲೆಗೆ ರಜೆ, ಮಕ್ಕಳು ಬೀದಿಯಲ್ಲಿ.
ನಾನು ಬಂದರಿಗಿಳಿದೆ, ಸುಮ್ಮನೆ, ಕೈ ಜೇಬಿನಲ್ಲಿ.
ನನ್ನ ಜಾಗದಲ್ಲಿ ಲಿಥುವೇನಿಯಾದ ಹುಡುಗಿ ಯೂರಾಟೆ,
ಬಂದು ಮೂರು ವಾರ. ಚೂರಿ ಒಂದೆಳೆ ಆಳಕ್ಕೆ ಹೋಯಿತು,
ಚೀಲ ಒಡೆಯಿತು.
ಬಿಳಿ ಮಾಂಸದ ಮೇಲೆ ಹಸಿರು ಹರಿಯುವುದನ್ನು ನೋಡುತ್ತಾ
ಅವಳ ಕಿವಿ ಕೆಂಪಾಯಿತು.
ಮೇಸ್ತ್ರಿ ನೋಡುವ ಮೊದಲು ಅದನ್ನೆತ್ತಿ
ನನ್ನ ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ತೊಳೆದೆ. ಏಳು ನೀರು.
ಬೇಯಿಸಿ, ಅಂಗೈಯಷ್ಟು ತುಂಡು, ನಿಧಾನವಾಗಿ ತಿಂದೆ.
ಕಹಿಯಿತ್ತು.
ಮೀನಿನದೋ ನನ್ನದೋ ತಿಳಿಯಲಿಲ್ಲ.
ಐಲರ್ಟ್ ಎರಡು ತುಂಡು ತಿಂದು
ಉಪ್ಪು ಸ್ವಲ್ಪ ಕಮ್ಮಿ ಅಂದ.